ಐಸಿಎಫ್ ಮನೆಗೆ ಡ್ರೈವಾಲ್: ತಾವೇ ಬೋರ್ಡ್ ಕೂರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಟೊಳ್ಳು ಥರ್ಮಾಕೋಲ್ ಬ್ಲಾಕು ಜೋಡಿಸಿ ಒಳಗೆ ಕಾಂಕ್ರೀಟ್ ಸುರಿದು ಕಟ್ಟುವ ಐಸಿಎಫ್ (ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್) ಗೋಡೆಗೆ ಡ್ರೈವಾಲ್, ಅಂದರೆ ಜಿಪ್ಸಮ್ ಬೋರ್ಡ್, ಹೊಡೆಯುವುದು ಮರದ ಚೌಕಟ್ಟಿನ ಗೋಡೆಗೆ ಹೊಡೆಯುವುದಕ್ಕಿಂತ ಸುಲಭ ಎಂದು ಹೇಳುವವರು ಬಹಳ ಜನ. ಅರ್ಧ ನಿಜ. ಬೋರ್ಡಿನ ಹಿಂದೆ ಎಲ್ಲೂ ಟೊಳ್ಳು ಇರುವುದಿಲ್ಲ, ಇಡೀ ಗೋಡೆಯೇ ಒರಗಲು ಸಿಗುತ್ತದೆ. ಆದರೆ ಸ್ಕ್ರೂ ಹಿಡಿಯುವುದು ಕೆಲವೇ ಕಡೆ. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂಬುದು ಕಾಂಕ್ರೀಟ್ ಸುರಿದ ದಿನವೇ ತೀರ್ಮಾನ ಆಗಿರುತ್ತದೆ. ಬೋರ್ಡ್ ಕೂತ ಮೇಲೆ ಒಳಗೆ ಎಲ್ಲಿ ಏನಿದೆ ಎಂದು ಹುಡುಕುವುದು ಕಷ್ಟ. ಹಾಗಾಗಿ ಈ ಕೆಲಸದಲ್ಲಿ ಜಾಸ್ತಿ ಸಮಯ ಹೋಗಬೇಕಾದದ್ದು ಮೊದಲ ಬೋರ್ಡ್ ಎತ್ತುವ ಮುಂಚೆ. ಈ ಬರಹದಲ್ಲೂ ಅದಕ್ಕೇ ಹೆಚ್ಚು ಜಾಗ.

ಗೋಡೆಯ ಒಳಗೆ ಏನಿದೆ

ಸಾಮಾನ್ಯ ಐಸಿಎಫ್ ಬ್ಲಾಕಿನಲ್ಲಿ ಎರಡು ಬದಿಗೂ ಸುಮಾರು 65 ಮಿಮೀ ದಪ್ಪದ ಥರ್ಮಾಕೋಲ್ ಹಲಗೆ ಇರುತ್ತದೆ. ನಡುವೆ ಕಾಂಕ್ರೀಟ್, ಹೆಚ್ಚಾಗಿ 150 ಅಥವಾ 200 ಮಿಮೀ. ಎರಡು ಹಲಗೆಗಳನ್ನು ಹಿಡಿದಿಡುವುದು ಪ್ಲಾಸ್ಟಿಕ್ ಟೈಗಳು. ಪ್ರತಿ ಟೈನ ತುದಿಯಲ್ಲಿ ಸುಮಾರು 38 ಮಿಮೀ ಅಗಲದ ಪ್ಲಾಸ್ಟಿಕ್ ಪಟ್ಟಿ ನೆಟ್ಟಗೆ ನಿಂತಿರುತ್ತದೆ. ನಿಮ್ಮ ಸ್ಕ್ರೂ ಹಿಡಿಯುವುದು ಈ ಪಟ್ಟಿಯಲ್ಲಿ ಮಾತ್ರ. ಥರ್ಮಾಕೋಲ್‌ಗೆ ಹೊಡೆದ ಸ್ಕ್ರೂ ಸುಮ್ನೆ ಸುತ್ತುತ್ತದೆ, ಏನನ್ನೂ ಹಿಡಿಯುವುದಿಲ್ಲ.

ಪಟ್ಟಿಗಳ ನಡುವಿನ ಅಂತರ ಕಂಪನಿಯಿಂದ ಕಂಪನಿಗೆ ಬೇರೆ. 150 ಮಿಮೀ ಮತ್ತು 200 ಮಿಮೀ ಹೆಚ್ಚು ಬಳಕೆಯಲ್ಲಿವೆ. ಕೆಲವು ಬ್ಲಾಕುಗಳಲ್ಲಿ ಪಟ್ಟಿ ಮೇಲ್ಮೈವರೆಗೂ ಬಂದಿರುತ್ತದೆ. ಹಲವು ಬ್ಲಾಕುಗಳಲ್ಲಿ ಥರ್ಮಾಕೋಲಿನ ಸುಮಾರು 12 ಮಿಮೀ ಒಳಗೆ ಹುದುಗಿರುತ್ತದೆ. ನಿಮ್ಮದು ಯಾವುದು ಎಂದು ಉಳಿದ ಒಂದು ತುಂಡನ್ನು ಕುಯ್ದು ನೋಡಿ. ಸ್ಕ್ರೂ ಉದ್ದ, ಅಂಟಿನ ಲೆಕ್ಕ, ಎಷ್ಟು ಉಜ್ಜಬಹುದು ಎಂಬುದು, ಎಲ್ಲ ಇದರ ಮೇಲೇ ನಿಂತಿವೆ.

ಬೋರ್ಡ್ ಇಲ್ಲಿ ಬರೀ ಅಂದಕ್ಕಲ್ಲ. ಥರ್ಮಾಕೋಲ್ ಬೆಂಕಿಗೆ ಬೇಗ ಕರಗಿ ಉರಿಯುವ ವಸ್ತು. ಆದ್ದರಿಂದ ವಾಸದ ಜಾಗದಲ್ಲಿ ಅದನ್ನು ತೆರೆದು ಬಿಡುವಂತಿಲ್ಲ. ಒಳಗಿನ ಫೋಮ್ 15 ನಿಮಿಷ ಶಾಖ ತಡೆಯುವ ಹೊದಿಕೆಯ ಹಿಂದಿರಬೇಕು ಎಂದು ಹಲವು ಕಟ್ಟಡ ಸಂಹಿತೆಗಳು ಕೇಳುತ್ತವೆ. 12.5 ಮಿಮೀ ಜಿಪ್ಸಮ್ ಬೋರ್ಡನ್ನು ಅದಕ್ಕೆ ಸಾಕೆಂದು ಒಪ್ಪುತ್ತವೆ. ಇದರ ಅರ್ಥ, ಕಣ್ಣಿಗೆ ಕಾಣದ ಜಾಗಕ್ಕೂ ಬೋರ್ಡ್ ಬೇಕು. ಸ್ನಾನದ ತೊಟ್ಟಿಯ ಹಿಂದೆ, ಮೆಟ್ಟಿಲಿನ ಪಕ್ಕದ ಮರದ ಹಿಂದೆ, ತೂಗುಸೀಲಿಂಗಿನ ಮೇಲೆ, ಅಡುಗೆಮನೆ ಕಪಾಟಿನ ಹಿಂದೆ. ಜನ ಮರೆಯುವುದು ಇಲ್ಲೇ. ತೊಟ್ಟಿ ಕೂರಿಸಿ, ಮೆಟ್ಟಿಲು ನಿಲ್ಲಿಸಿ ಆದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಆ ಕೆಲಸಗಳಿಗೆ ಮುಂಚೆಯೇ ಆಯಾ ಜಾಗಕ್ಕೆ ಒಂದೊಂದು ಬೋರ್ಡ್ ಹೊಡೆದುಬಿಡಿ.

ಮೊದಲು ವೈರಿಂಗ್

ಥರ್ಮಾಕೋಲಿನಲ್ಲಿ ಗಾಡಿ, ಅಂದರೆ ವೈರ್ ಕೂರುವ ಕಾಲುವೆ, ಕೊರೆದು ವೈರ್ ಎಳೆಯುವುದು ಇಲ್ಲಿನ ಪದ್ಧತಿ. ಬಿಸಿ ಚಾಕು, ಸಣ್ಣ ಎಲೆಕ್ಟ್ರಿಕ್ ಚೈನ್ ಗರಗಸ ಅಥವಾ ರೌಟರ್ (ಗಾಡಿ ಕೊರೆಯುವ ಯಂತ್ರ), ಯಾವುದರಿಂದಲಾದರೂ ಆಗುತ್ತದೆ. ಬಿಸಿ ಚಾಕುವಿನ ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಡಿ. ಗಾಡಿ ಕಾಂಕ್ರೀಟ್ ಮುಟ್ಟುವಷ್ಟು ಆಳ ಇರಲಿ. ಎರಡು ಪಟ್ಟಿಗಳ ನಡುವೆ ನೆಟ್ಟಗೆ ಹೋದರೆ ತೊಂದರೆ ಇಲ್ಲ. ಅಡ್ಡ ಹೋಗುವಾಗ ಟೈಗಳು ಎದುರಾಗುತ್ತವೆ. ಸಾಧ್ಯವಾದಷ್ಟೂ ಎರಡು ಟೈಗಳ ನಡುವಿನ ಮಟ್ಟದಲ್ಲಿ ಹೋಗಿ, ಪಟ್ಟಿ ಕತ್ತರಿಸಲೇಬೇಕಾದರೆ ಕತ್ತರಿಸಿದ ಜಾಗ ಗುರುತಿಡಿ. ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ವೈರನ್ನು ಬರಿದಾಗಿ ಥರ್ಮಾಕೋಲಿಗೆ ತಾಗಿಸಿ ಬಿಡುವುದು ನನಗೆ ಇಷ್ಟವಿಲ್ಲ. ಪಿವಿಸಿ ಕವಚದಲ್ಲಿ ಮೆತುತನ ಕೊಡುವ ಒಂದು ಎಣ್ಣೆಯಂಥ ಅಂಶ ಇರುತ್ತದೆ. ಪಾಲಿಸ್ಟೈರೀನ್, ಅಂದರೆ ಥರ್ಮಾಕೋಲ್, ತಾಗಿದ ಕಡೆ ಅದು ವರ್ಷಗಟ್ಟಲೆ ನಿಧಾನವಾಗಿ ಫೋಮಿನ ಕಡೆ ಹೋಗುತ್ತದೆ, ಕವಚ ಗಟ್ಟಿಯಾಗಿ ಬಿರುಸಾಗುತ್ತದೆ. ಹೀಗೆ ನೇರವಾಗಿ ಎಳೆಯಲು ಒಪ್ಪುವ ನಿಯಮಗಳೂ ಉಂಟು. ಆದರೂ ಕಾಂಡ್ಯೂಟ್ ಪೈಪಿನೊಳಗೆ ಎಳೆದರೆ ಆ ಚಿಂತೆಯೇ ಇಲ್ಲ. ನಾಳೆ ವೈರ್ ಬದಲಿಸಲೂ ದಾರಿ ಉಳಿಯುತ್ತದೆ.

ಸ್ವಿಚ್ ಬಾಕ್ಸನ್ನು ಕಾಂಕ್ರೀಟ್ ಸ್ಕ್ರೂ ಹಾಕಿ ಹಿಂದಿನ ಕಾಂಕ್ರೀಟಿಗೇ ಬಿಗಿಯಿರಿ. ಬಾಕ್ಸಿನ ಬಾಯಿ ಥರ್ಮಾಕೋಲ್ ಮೇಲ್ಮೈಯಿಂದ 12.5 ಮಿಮೀ, ಅಂದರೆ ಬೋರ್ಡಿನ ದಪ್ಪದಷ್ಟು, ಮುಂದಕ್ಕೆ ಇರಲಿ. ಬಾಕ್ಸಿನ ಸುತ್ತ ಮತ್ತು ಗಾಡಿಯೊಳಗೆ ಉಳಿದ ಸಂದಿಗೆ ಕಡಿಮೆ ಉಬ್ಬುವ ಸ್ಪ್ರೇ ಫೋಮ್ ತುಂಬಿ. ಉಬ್ಬಿದ್ದು ಗಟ್ಟಿಯಾದ ಮೇಲೆ ಉದ್ದ ಚಾಕುವಿನಿಂದ ಗೋಡೆಯ ಮಟ್ಟಕ್ಕೆ ಕುಯ್ಯಿರಿ. ಹಸಿ ಇರುವಾಗ ಒರೆಸಲು ಹೋಗಬೇಡಿ, ಇಡೀ ಗೋಡೆಗೆ ಮೆತ್ತಿಕೊಳ್ಳುತ್ತದೆ. ವೈರಿಂಗ್ ತಪಾಸಣೆ ಆಗಬೇಕಾದ ಕಡೆ ಅದು ಮುಗಿಯುವ ತನಕ ಬೋರ್ಡ್ ಎತ್ತುವ ಮಾತೇ ಇಲ್ಲ.

ಭಾರ ಹೊರುವ ಜಾಗಗಳು

ಅಡುಗೆಮನೆಯ ಮೇಲಿನ ಕಪಾಟು, ಟಿವಿ, ಮೆಟ್ಟಿಲಿನ ಕೈಹಿಡಿ ಕಂಬಿ, ಶೌಚಾಲಯದ ಹಿಡಿಕೆ, ಗೋಡೆಗೆ ನೇತುಹಾಕುವ ವಾಶ್ ಬೇಸಿನ್. ಇವಕ್ಕೆ ಪ್ಲಾಸ್ಟಿಕ್ ಪಟ್ಟಿಯನ್ನು ನಂಬಬೇಡಿ. ಪಟ್ಟಿಗೆ ಹೊಡೆದ ಸ್ಕ್ರೂ ಬೋರ್ಡಿನ ಭಾರಕ್ಕೆ ಸಾಕು, ತುಂಬಿದ ಕಪಾಟಿಗೆ ಸಾಲದು.

ಆಯಾ ಜಾಗದಲ್ಲಿ ಥರ್ಮಾಕೋಲನ್ನು ಕುಯ್ದು ತೆಗೆದು, ಅಲ್ಲಿ ಮರದ ಪಟ್ಟಿ ಅಥವಾ ದಪ್ಪ ಪ್ಲೈವುಡ್ ಕೂರಿಸಿ. ಅದನ್ನು ಕಾಂಕ್ರೀಟ್ ಸ್ಕ್ರೂಗಳಿಂದ ಕಾಂಕ್ರೀಟಿಗೆ ಬಿಗಿಯಿರಿ. ಮರದ ಮುಖ ಸುತ್ತಲಿನ ಥರ್ಮಾಕೋಲಿನ ಮಟ್ಟಕ್ಕೇ ಬರಬೇಕು. ಒಂದೆರಡು ಮಿಮೀ ಹಿಂದೆ ಉಳಿದರೂ ನಡೆದೀತು, ಮುಂದೆ ಬಂದರೆ ಬೋರ್ಡ್ ಅಲ್ಲಾಡುತ್ತದೆ. ಕಾಂಕ್ರೀಟಿಗೆ ತಾಗುವ ಮರ ತೇವಕ್ಕೆ ಹಾಳಾಗದಂತೆ ಸಂಸ್ಕರಿಸಿದ್ದಾಗಿರಲಿ. ಕಪಾಟು ಎಲ್ಲಿ ಬರುತ್ತದೆ ಎಂಬುದು ಇನ್ನೂ ನಿರ್ಧಾರ ಆಗಿಲ್ಲವೇ? ಹಾಗಾದರೆ ಇಡೀ ಗೋಡೆಯ ಉದ್ದಕ್ಕೂ ಕಪಾಟಿನ ಮಟ್ಟದಲ್ಲಿ ಒಂದು ಪಟ್ಟಿ ಹಾಕಿಬಿಡಿ. ಮರಕ್ಕೆ ಆಗುವ ಖರ್ಚು ಆಮೇಲೆ ಬೋರ್ಡ್ ಒಡೆಯುವ ತಲೆನೋವಿಗಿಂತ ಕಡಿಮೆ.

ಗೋಡೆ ನೆಟ್ಟಗೆ ಮಾಡುವುದು

ಫಲಿತಾಂಶ ನಿಂತಿರುವುದು ಈ ಹಂತದ ಮೇಲೆ. ತಾವೇ ಕಟ್ಟಿದ ಮನೆಯಲ್ಲಿ ಕಾಂಕ್ರೀಟ್ ಸುರಿಯುವಾಗ ಎಲ್ಲೋ ಒಂದು ಕಡೆ ಬ್ಲಾಕ್ ಉಬ್ಬಿರುತ್ತದೆ, ಎರಡು ಸಾಲಿನ ನಡುವೆ ಮೆಟ್ಟಿಲಿನಂತೆ ಏರುಪೇರು ಬಂದಿರುತ್ತದೆ. ಮರದ ಚೌಕಟ್ಟಾದರೆ ಸೊಟ್ಟ ಕಂಬ ಬದಲಿಸಬಹುದು. ಇಲ್ಲಿ ಕಾಂಕ್ರೀಟ್ ಗಟ್ಟಿಯಾಗಿದೆ. ಕೈಗೆ ಸಿಗುವುದು ಹೊರಗಿನ ಥರ್ಮಾಕೋಲ್ ಮಾತ್ರ.

ಎಂಟು ಅಡಿಯ ನೇರ ಅಲ್ಯುಮಿನಿಯಂ ಪಟ್ಟಿ ತೆಗೆದುಕೊಂಡು ಗೋಡೆಗೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಪಟ್ಟಿ ಅಲ್ಲಾಡಿದರೆ ನಡುವೆ ಉಬ್ಬಿದೆ. ಅಡಿಯಲ್ಲಿ ಬೆಳಕು ಕಂಡರೆ ತಗ್ಗಿದೆ. ಉಬ್ಬಿಗೆ ಒಂದು ಗುರುತು, ತಗ್ಗಿಗೆ ಬೇರೆ ಗುರುತು ಹಾಕುತ್ತಾ ಹೋಗಿ. ಉದ್ದ ಗೋಡೆಗೆ ಎರಡು ತುದಿಗೆ ಒಂದೇ ದಪ್ಪದ ಮರದ ತುಂಡು ಇಟ್ಟು, ಅವುಗಳ ಮೇಲೆ ದಾರ ಬಿಗಿದು ನಡುನಡುವೆ ಅಳೆಯಿರಿ.

ಇಲ್ಲಿ ಒಂದು ವಿವೇಚನೆ ಬೇಕು. ಇಡೀ ಗೋಡೆ ಮೇಲಿನಿಂದ ಕೆಳಗೆ 10 ಮಿಮೀ ವಾಲಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ತೂಗುಗುಂಡಿಗೆ ಸರಿಮಾಡಲು ಹೊರಟರೆ ವಾರಗಟ್ಟಲೆ ಹೋದೀತು. ಅದೇ ಎರಡು ಅಡಿ ಜಾಗದಲ್ಲಿ 5 ಮಿಮೀ ಉಬ್ಬು ಇದ್ದರೆ ಬಣ್ಣ ಹೊಡೆದ ಮೇಲೆ ಎದ್ದು ಕಾಣುತ್ತದೆ. ನಯವಾದ ವಾಲಿಕೆಯನ್ನು ಬಿಡಿ, ಸಣ್ಣ ಜಾಗದ ಉಬ್ಬುತಗ್ಗನ್ನು ಹಿಡಿಯಿರಿ. ಕಪಾಟು ಕೂರುವ ಗೋಡೆ ಮತ್ತು ಬಾಗಿಲ ಅಂಚು, ಇವೆರಡಕ್ಕೆ ಮಾತ್ರ ವಾಲಿಕೆಯೂ ಲೆಕ್ಕಕ್ಕೆ ಬರುತ್ತದೆ.

ಉಬ್ಬನ್ನು ಒರಟು ಅರದಿಂದ ಉಜ್ಜಿ ಇಳಿಸಿ. ಪಟ್ಟಿ 12 ಮಿಮೀ ಒಳಗಿರುವ ಬ್ಲಾಕಾದರೆ ಪಟ್ಟಿ ಕಾಣುವ ತನಕ ಉಜ್ಜಬಹುದು. ಪ್ಲಾಸ್ಟಿಕ್ಕನ್ನೇ ಉಜ್ಜಿ ತೆಳುಮಾಡಿದರೆ ಸ್ಕ್ರೂ ಹಿಡಿತ ಹೋಗುತ್ತದೆ. ಥರ್ಮಾಕೋಲ್ ಕಾಳುಗಳು ಸ್ಥಾಯಿ ವಿದ್ಯುತ್ತಿಗೆ ಬಟ್ಟೆ, ಕೂದಲು, ಗೋಡೆ ಎಲ್ಲಕ್ಕೂ ಅಂಟುತ್ತವೆ. ಒಬ್ಬರು ಉಜ್ಜುವಾಗ ಇನ್ನೊಬ್ಬರು ವ್ಯಾಕ್ಯೂಮ್ ಕೊಳವೆ ಹತ್ತಿರ ಹಿಡಿದರೆ ಮನೆ ಉಳಿಯುತ್ತದೆ. ಮಾಸ್ಕ್ ಹಾಕಿಕೊಳ್ಳಿ.

ತಗ್ಗಿಗೆ ಎರಡು ದಾರಿ. ಸಣ್ಣದಾದರೆ ಬೋರ್ಡಿನ ಹಿಂದಿನ ಅಂಟೇ ತುಂಬಿಕೊಳ್ಳುತ್ತದೆ. ದೊಡ್ಡದಾದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ತೆಳು ಪ್ಲೈವುಡ್ ಚೂರು ಇಟ್ಟು ಮಟ್ಟ ತನ್ನಿ. ಬಿಸಿಲು ಬಿದ್ದ ಥರ್ಮಾಕೋಲ್ ಹಳದಿಯಾಗಿ ಪುಡಿಪುಡಿ ಆಗಿರುತ್ತದೆ. ಅಂಥ ಜಾಗವನ್ನು ಬ್ರಶ್ಶಿನಿಂದ ಉಜ್ಜಿ ಪುಡಿ ತೆಗೆಯಿರಿ, ಇಲ್ಲದಿದ್ದರೆ ಅಂಟು ಪುಡಿಗೆ ಹಿಡಿಯುತ್ತದೆ, ಗೋಡೆಗೆ ಅಲ್ಲ.

ಪಟ್ಟಿಗಳ ನಕ್ಷೆ

ಬ್ಲಾಕಿನ ಮುಖದ ಮೇಲೆ ಪಟ್ಟಿ ಇರುವ ಕಡೆ ಕಂಪನಿಯವರು ಗುರುತು ಅಚ್ಚು ಮಾಡಿರುತ್ತಾರೆ. ಬೋರ್ಡ್ ಮುಚ್ಚಿದ ಮೇಲೆ ಅದು ಕಾಣುವುದಿಲ್ಲ. ಪ್ಲಾಸ್ಟಿಕ್ ಆದ್ದರಿಂದ ಅಯಸ್ಕಾಂತ ಇಟ್ಟು ಹುಡುಕಲೂ ಆಗದು. ಆದ್ದರಿಂದ ಪ್ರತಿ ಪಟ್ಟಿಯ ನೇರಕ್ಕೆ ಕೆಳಗೆ ನೆಲದ ಮೇಲೆ ಒಂದು ಗೆರೆ, ಮೇಲೆ ಸೀಲಿಂಗಿನ ಬಳಿ ಒಂದು ಗೆರೆ ಹಾಕಿ.

ಬ್ಲಾಕುಗಳನ್ನು ಸರಿಯಾಗಿ ಜೋಡಿಸಿದ್ದರೆ ಮೇಲಿನಿಂದ ಕೆಳಗಿನವರೆಗೆ ಪಟ್ಟಿಗಳು ಒಂದೇ ಸಾಲಿನಲ್ಲಿ ಬರುತ್ತವೆ. ಆದರೆ ಕಿಟಕಿಯ ಅಕ್ಕಪಕ್ಕ, ಕೋಣೆಯ ಅಳತೆಗೆ ಬ್ಲಾಕ್ ಕುಯ್ದ ಕಡೆ, ಸಾಲು ಮುರಿದಿರುತ್ತದೆ. ನೆಲದ ಗೆರೆ ನಂಬಿ ಹೊಡೆದರೆ ಮೇಲಿನ ಅರ್ಧ ಗಾಳಿಗೆ ಹೋಗುತ್ತದೆ. ಅಂಥ ಜಾಗದಲ್ಲಿ ಸಣ್ಣ ಮೊಳೆಯಿಂದ ಚುಚ್ಚಿ ಪಟ್ಟಿಯ ಎರಡೂ ಅಂಚು ಹುಡುಕಿ, ಮಾರ್ಕರಿನಿಂದ ಬರೆಯಿರಿ. ಆಮೇಲೆ ಪ್ರತಿ ಗೋಡೆಗೂ ಅಳತೆ ಪಟ್ಟಿ ಹಿಡಿದು ಫೋಟೋ ತೆಗೆಯಿರಿ. ವೈರ್, ಮರದ ಪಟ್ಟಿ, ಕತ್ತರಿಸಿದ ಟೈ ಎಲ್ಲವೂ ಆ ಫೋಟೋದಲ್ಲಿ ಬರಲಿ.

ಸ್ಕ್ರೂ ಮತ್ತು ಅಂಟು

ಬೇಕಾದದ್ದು ಒರಟು ಮರೆಯ (ಸುರುಳಿ ಗೆರೆಗಳು ದೂರದೂರ ಇರುವ), ಮರಕ್ಕೆ ಹೊಡೆಯುವಂಥ ಡ್ರೈವಾಲ್ ಸ್ಕ್ರೂ. ಸಣ್ಣ ಮರೆಯದ್ದು ತೆಳು ತಗಡಿಗೆ. ಉದ್ದದ ಲೆಕ್ಕ ಹೀಗೆ: ಬೋರ್ಡ್ 12.5 ಮಿಮೀ, ಪಟ್ಟಿಯ ಮುಂದಿನ ಥರ್ಮಾಕೋಲ್ 12 ಮಿಮೀ, ಪಟ್ಟಿಯ ದಪ್ಪ ಕೆಲವು ಮಿಮೀ, ಅದನ್ನು ದಾಟಿ ಸುಮಾರು 10 ಮಿಮೀ ತುದಿ ಹೊರಗೆ. 41 ಮಿಮೀ ಸರಿಹೋಗುತ್ತದೆ. 50 ಮಿಮೀ ಹಾಕಿದರೆ ಇನ್ನೂ ಗಟ್ಟಿ ಎಂದು ಅನ್ನಿಸಬಹುದು. ಆದರೆ ಪಟ್ಟಿ ದಾಟಿದ ಮೇಲಿನ ಉದ್ದಕ್ಕೆ ಹಿಡಿತ ಇಲ್ಲ, ವೈರಿನ ಹತ್ತಿರ ಹೋಗುವುದು ಮಾತ್ರ ಲಾಭ. ಪಟ್ಟಿ ಮೇಲ್ಮೈಯಲ್ಲೇ ಇರುವ ಬ್ಲಾಕಿಗೆ 32 ಮಿಮೀ ಸಾಕು.

ಗೋಡೆಯಲ್ಲಿ ಸ್ಕ್ರೂಗಳ ಅಂತರ ಸಾಮಾನ್ಯವಾಗಿ 400 ಮಿಮೀ, ಸೀಲಿಂಗಿನಲ್ಲಿ 300 ಮಿಮೀ. ಪಟ್ಟಿಗಳು 200 ಮಿಮೀಗೆ ಒಂದರಂತೆ ಇದ್ದರೆ ಒಂದು ಬಿಟ್ಟು ಒಂದಕ್ಕೆ ಹೊಡೆಯುವುದು ವಾಡಿಕೆ. ಬ್ಲಾಕ್ ಕಂಪನಿಯ ಕೈಪಿಡಿಯಲ್ಲಿ ಬೇರೆ ಅಂತರ ಹೇಳಿದ್ದರೆ ಅದನ್ನೇ ಪಾಲಿಸಿ.

ಅಂಟು ಆರಿಸುವಾಗ ಜಾಗ್ರತೆ. ದ್ರಾವಕ ಇರುವ ಮಾಮೂಲಿ ಕಟ್ಟಡದ ಅಂಟು ಥರ್ಮಾಕೋಲನ್ನು ತಿಂದುಹಾಕುತ್ತದೆ. ಹೊರಗಿನಿಂದ ಗೊತ್ತಾಗುವುದಿಲ್ಲ, ಬೋರ್ಡಿನ ಹಿಂದೆ ಗುಂಡಿ ಬಿದ್ದಿರುತ್ತದೆ. ಪಾಲಿಸ್ಟೈರೀನ್ ಫೋಮಿಗೆ ಆಗುತ್ತದೆ ಎಂದು ಡಬ್ಬಿಯ ಮೇಲೇ ಬರೆದಿರುವುದನ್ನು ಕೊಳ್ಳಿ. ಅನುಮಾನ ಇದ್ದರೆ ಒಂದು ತುಂಡಿನ ಮೇಲೆ ಹಚ್ಚಿ ರಾತ್ರಿ ಬಿಟ್ಟು ನೋಡಿ. ಬೆಳಿಗ್ಗೆ ಕುಳಿ ಬಿದ್ದಿದ್ದರೆ ಆ ಡಬ್ಬಿ ಬೇರೆ ಕೆಲಸಕ್ಕೆ.

ಬೋರ್ಡ್ ಏರಿಸುವುದು

ಮೊದಲು ಸೀಲಿಂಗ್. ಬೋರ್ಡನ್ನು ತೊಲೆಗಳಿಗೆ ಅಡ್ಡಲಾಗಿ ಹಾಕಿ. ತೊಲೆಗಳು 600 ಮಿಮೀ ದೂರ ಇದ್ದರೆ ಮಾಮೂಲಿ 12.5 ಮಿಮೀ ಬೋರ್ಡ್ ಜೋಲುತ್ತದೆ, ಸೀಲಿಂಗಿಗೆಂದೇ ಮಾಡಿದ ಗಟ್ಟಿ ಬೋರ್ಡ್ ಅಥವಾ 15.9 ಮಿಮೀ ದಪ್ಪದ್ದು ಬೇಕು. ಎತ್ತುವ ಯಂತ್ರ ಬಾಡಿಗೆಗೆ ತನ್ನಿ. ನಾಲ್ಕಡಿ ಎಂಟಡಿಯ ಬೋರ್ಡ್ 20 ಕೆಜಿಗಿಂತ ಭಾರ, ಅದನ್ನು ತಲೆಯ ಮೇಲೆ ಹೊತ್ತು ಸ್ಕ್ರೂ ಹೊಡೆಯುವುದು ಶೌರ್ಯವಲ್ಲ. ಗೋಡೆ ಸೇರುವ ಅಂಚಿನಲ್ಲಿ ಸೀಲಿಂಗ್ ಬೋರ್ಡಿಗೆ 200 ಮಿಮೀವರೆಗೆ ಸ್ಕ್ರೂ ಬೇಡ. ಆ ಅಂಚನ್ನು ಕೆಳಗಿನ ಗೋಡೆ ಬೋರ್ಡ್ ಎತ್ತಿ ಹಿಡಿಯುತ್ತದೆ. ಮೂಲೆ ಬಿರುಕು ಬಿಡುವುದು ಇದರಿಂದ ಕಡಿಮೆಯಾಗುತ್ತದೆ.

ಆಮೇಲೆ ಗೋಡೆ. ಬೋರ್ಡನ್ನು ಅಡ್ಡ ಮಲಗಿಸಿ, ಮೇಲಿನ ಸಾಲು ಮೊದಲು, ಸೀಲಿಂಗಿಗೆ ಒತ್ತಿ ಕೂರಿಸಿ. ಕೆಳಗಿನ ಸಾಲನ್ನು ಕಾಲಿನ ಸನ್ನೆಯಿಂದ ಎತ್ತಿ ಮೇಲಿನದಕ್ಕೆ ತಾಗಿಸಿ. ನೆಲಕ್ಕೂ ಬೋರ್ಡಿಗೂ ಸುಮಾರು 12 ಮಿಮೀ ಸಂದು ಉಳಿಯಲಿ, ನೆಲ ಒರೆಸುವ ನೀರನ್ನು ಜಿಪ್ಸಮ್ ಹೀರದಂತೆ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

ಬೋರ್ಡಿನ ಕುಯ್ದ ತುದಿಗಳು ಸೇರುವ ಸಂದು ಎಲ್ಲಿ ಬರಬೇಕು? ಮರದ ಗೋಡೆಯಲ್ಲಿ ಕಂಬದ ಮೇಲೇ ಬರಬೇಕು, ಬೇರೆ ಮಾತಿಲ್ಲ. ಇಲ್ಲಿ 38 ಮಿಮೀ ಪಟ್ಟಿಯನ್ನು ಎರಡು ಬೋರ್ಡ್ ಹಂಚಿಕೊಂಡರೆ ಒಂದೊಂದಕ್ಕೆ 19 ಮಿಮೀ. ಸ್ಕ್ರೂ ಅಂಚಿನಿಂದ 10 ಮಿಮೀ ಆದರೂ ಒಳಗಿರಬೇಕು. ಗೆರೆ ಸ್ವಲ್ಪ ತಪ್ಪಿದರೂ ಒಂದು ಬೋರ್ಡಿಗೆ ಹಿಡಿತ ಇಲ್ಲ. ನನಗೆ ಸರಿ ಕಾಣುವುದು ಸಂದನ್ನು ಎರಡು ಪಟ್ಟಿಗಳ ನಡುವೆ ಬರುವಂತೆ ಬಿಟ್ಟು, ಆ ಸಂದಿನ ಎರಡೂ ಬದಿಗೆ ಅಂಟು ಧಾರಾಳವಾಗಿ ಹಾಕುವುದು. ಹಿಂದೆ ಥರ್ಮಾಕೋಲ್ ಒತ್ತಿಕೊಂಡೇ ಇರುವುದರಿಂದ ತುದಿ ಗಾಳಿಯಲ್ಲಿ ತೂಗುವುದಿಲ್ಲ. ಅಕ್ಕಪಕ್ಕದ ಪಟ್ಟಿ ಒಂದು ಗೇಣಿಗಿಂತ ಹತ್ತಿರವೇ ಇರುತ್ತದೆ, ಅಲ್ಲಿ ಸ್ಕ್ರೂ ಬರುತ್ತದೆ. ಮೇಲಿನ ಸಾಲಿನ ಸಂದು ಮತ್ತು ಕೆಳಗಿನ ಸಾಲಿನ ಸಂದು ಒಂದೇ ನೇರಕ್ಕೆ ಬಾರದಂತೆ ನೋಡಿ.

ಸ್ಕ್ರೂ ಹೊಡೆಯುವಾಗ ಡ್ರಿಲ್ ವೇಗ ಕಡಿಮೆ ಇಡಿ. ಮರಕ್ಕೆ ಹೊಡೆಯುವಂತೆ ಜೋರಾಗಿ ಹೊಡೆದು ಸ್ಕ್ರೂ ತುದಿಯಲ್ಲಿ ಸುತ್ತುತ್ತಾ ನಿಂತರೆ ಪ್ಲಾಸ್ಟಿಕ್ ಬಿಸಿಯಾಗಿ ತೂತು ಸಡಿಲವಾಗುತ್ತದೆ. ಸ್ಕ್ರೂ ತಲೆ ಬೋರ್ಡಿನ ಕಾಗದ ಹರಿಯದೆ ತುಸು ಒಳಗೆ ಕೂತರೆ ಸಾಕು. ಪಟ್ಟಿ ಒಳಗೆ ಹುದುಗಿರುವ ಬ್ಲಾಕಿನಲ್ಲಿ ಇನ್ನೊಂದು ತೊಂದರೆ ಇದೆ. ಜಾಸ್ತಿ ಬಿಗಿದರೆ ಬೋರ್ಡ್ ಥರ್ಮಾಕೋಲನ್ನು ಒತ್ತಿಕೊಂಡು ಒಳಗೆ ಹೋಗುತ್ತದೆ, ಪ್ರತಿ ಸ್ಕ್ರೂ ಸುತ್ತ ಒಂದು ತಗ್ಗು ಬೀಳುತ್ತದೆ. ಆಳ ನಿಲ್ಲಿಸುವ ಡ್ರೈವಾಲ್ ಬಿಟ್ ಇದ್ದರೂ ಕೈಯ ಒತ್ತಡ ಹಗುರವಾಗಿರಲಿ. ಹಿಡಿಯದ ಸ್ಕ್ರೂವನ್ನು ಹಾಗೇ ಬಿಡಬೇಡಿ, ತೆಗೆದು ಅದೇ ಪಟ್ಟಿಯಲ್ಲಿ ಎರಡು ಬೆರಳು ಮೇಲೋ ಕೆಳಗೋ ಹೊಸದಾಗಿ ಹೊಡೆಯಿರಿ.

ಒಳಮೂಲೆಗಳಲ್ಲಿ ಮೊದಲ ಪಟ್ಟಿ ಮೂಲೆಯಿಂದ ಸಾಕಷ್ಟು ದೂರ ಇರಬಹುದು. ಅಲ್ಲಿ ಸ್ಕ್ರೂ ಹುಡುಕಿ ಹತ್ತಾರು ತೂತು ಮಾಡುವ ಬದಲು ಮೂಲೆಯ ಉದ್ದಕ್ಕೂ ಅಂಟಿನ ಎರಡು ಗೆರೆ ಎಳೆಯಿರಿ. ಮೊದಲ ಗೋಡೆಯ ಬೋರ್ಡನ್ನು ಮೂಲೆಗೆ ತುಂಬಾ ಕೂರಿಸಿ, ಪಕ್ಕದ ಗೋಡೆಯ ಬೋರ್ಡ್ ಅದರ ಅಂಚನ್ನು ಒತ್ತಿಕೊಂಡು ನಿಲ್ಲಲಿ. ಅಂಟು ಒಣಗುವ ತನಕ ಅಡ್ಡ ಮರ ಕೊಟ್ಟು ಒತ್ತಿಡಿ.

ಕಿಟಕಿಯ ಗೂಡು

ನಡುವಿನ ಕಾಂಕ್ರೀಟ್ 150 ಮಿಮೀ ಆದರೂ ಈ ಗೋಡೆ ಬೋರ್ಡ್ ಸೇರದೆಯೇ 280 ಮಿಮೀ ದಪ್ಪ. ಹಾಗಾಗಿ ಕಿಟಕಿಯ ಒಳಬದಿಗೆ ಆಳವಾದ ಗೂಡು ಬರುತ್ತದೆ, ಐಸಿಎಫ್ ಮನೆಯ ಚೆಂದ ಇರುವುದೇ ಅಲ್ಲಿ. ಗೂಡಿನ ಸುತ್ತ ಇರುವ ಚೌಕಟ್ಟು ಮರದ್ದಾದರೆ ನೇರ ಸ್ಕ್ರೂ ಹೊಡೆಯಬಹುದು. ಪ್ಲಾಸ್ಟಿಕ್ಕಿನದಾದರೆ ಅದರಲ್ಲಿ ಸ್ಕ್ರೂ ಹಿಡಿಯುವ ಜಾಗ ಎಲ್ಲೆಂದು ನೋಡಿ, ಉಳಿದದ್ದು ಅಂಟಿಗೆ ಬಿಡಿ.

ಮೊದಲು ದೊಡ್ಡ ಗೋಡೆಯ ಬೋರ್ಡನ್ನು ಗೂಡಿನ ಅಂಚಿಗೆ ಸರಿಯಾಗಿ ಕುಯ್ದು ಮುಗಿಸಿ, ಆಮೇಲೆ ಗೂಡಿನ ಪಕ್ಕದ ಪಟ್ಟಿಗಳು. ನಾಲ್ಕೂ ಕಡೆ ಆಳವನ್ನು ಬೇರೆಬೇರೆ ಅಳೆಯಿರಿ, ಒಂದೇ ಇರುವುದು ಅಪರೂಪ. ಹೊರಮೂಲೆಗಳಿಗೆ ಲೋಹದ ಅಥವಾ ಪ್ಲಾಸ್ಟಿಕ್ಕಿನ ಮೂಲೆಪಟ್ಟಿ ಬೇಕು. ಲೋಹದ್ದಕ್ಕೆ ಮೊಳೆ ಹೊಡೆಯಲು ಹಿಂದೆ ಥರ್ಮಾಕೋಲ್ ಮಾತ್ರ ಇರುವ ಕಡೆ ಹಿಡಿತ ಸಿಗದು. ಕಾಗದ ಹೊದಿಸಿದ, ಕಾಂಪೌಂಡಿನಲ್ಲೇ (ಸಂದು ಮುಚ್ಚುವ ಲೇಪದಲ್ಲೇ) ಅಂಟುವ ಮೂಲೆಪಟ್ಟಿ ಇಲ್ಲಿ ಸುಲಭ. ಗೂಡಿನ ಕೆಳಭಾಗಕ್ಕೆ ಮಾತ್ರ ಜಿಪ್ಸಮ್ ಬೇಡ. ಗಾಜಿನ ಮೇಲೆ ಕಟ್ಟುವ ನೀರು ಇಳಿಯುವುದು ಅಲ್ಲಿಗೇ. ಮರ ಅಥವಾ ಕಲ್ಲು ಹಾಕಿ.

ಸ್ನಾನದ ಮನೆಗೆ ತೇವ ತಡೆಯುವ ಬೋರ್ಡ್. ಶವರ್ ನೀರು ನೇರ ಬೀಳುವ ಗೋಡೆಗೆ ಅದೂ ಸಾಲದು, ಸಿಮೆಂಟ್ ಬೋರ್ಡ್ ಮತ್ತು ಅದರ ಮೇಲೆ ನೀರುತಡೆ ಲೇಪನ ಬೇಕು.

ಸಂದು ಮುಚ್ಚುವುದು

ಹೊಸ ಕಾಂಕ್ರೀಟಿನಲ್ಲಿ ನೀರಿದೆ, ಎರಡೂ ಬದಿಗೆ ಥರ್ಮಾಕೋಲ್ ಇರುವುದರಿಂದ ಅದು ನಿಧಾನವಾಗಿ ಹೊರಬರುತ್ತದೆ. ಮನೆಯೂ ಗಾಳಿಯಾಡದಷ್ಟು ಬಿಗಿ. ಹಾಗಾಗಿ ಕಾಂಪೌಂಡ್ ಹಚ್ಚುವ ಮುಂಚೆಯೂ ಹಚ್ಚುವಾಗಲೂ ಗಾಳಿ ಓಡಾಡಲಿ. ಒಳಗಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು, ಎರಡು ದಿನ ಮುಂಚಿನಿಂದಲೇ ಹಾಗಿರಲಿ. ಚಳಿಗೆ ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರ್ ಹಚ್ಚಬೇಡಿ. ಗ್ಯಾಸ್ ಉರಿದರೆ ನೀರಾವಿ ಬರುತ್ತದೆ, ಒಣಗಿಸಲು ಹೋಗಿ ಒದ್ದೆ ಮಾಡಿದಂತೆ ಆಗುತ್ತದೆ.

ಮೊದಲ ಕೋಟಿಗೆ ಪುಡಿ ಕಲಸಿ ಹಚ್ಚುವ, ತಾನೇ ಗಟ್ಟಿಯಾಗುವ ಕಾಂಪೌಂಡ್ ಒಳ್ಳೆಯದು. ತೇವ ಇರುವ ಮನೆಯಲ್ಲಿ ಅದು ಕುಗ್ಗುವುದು ಕಡಿಮೆ. ಸಂದುಗಳಿಗೆ ಕಾಗದದ ಟೇಪ್ ಬಳಸಿ. ಅಂಟಿನ ಮೇಲೆ ನಿಂತ ತುದಿಸಂದುಗಳಿಗೆ ಜಾಲರಿ ಟೇಪಿಗಿಂತ ಅದೇ ಗಟ್ಟಿ. ಆಮೇಲಿನ ಎರಡು ಕೋಟಿಗೆ ಉಜ್ಜಲು ಸುಲಭವಾದ ಸಿದ್ಧ ಕಾಂಪೌಂಡ್, ಪ್ರತಿ ಬಾರಿ ಹಿಂದಿನದಕ್ಕಿಂತ ಅಗಲವಾಗಿ. ತುದಿಸಂದಿಗೆ ಅಂಚಿನ ಇಳಿಜಾರು ಇಲ್ಲದ್ದರಿಂದ ಎರಡೂ ಬದಿಗೆ ಒಂದೊಂದು ಅಡಿ ಹರಡಿದರೂ ತಪ್ಪಿಲ್ಲ. ಆಳ ಕಿಟಕಿಯಿಂದ ಬೆಳಕು ಗೋಡೆಗೆ ಓರೆಯಾಗಿ ಬೀಳುವ ಕಡೆ ಇಡೀ ಗೋಡೆಗೆ ತೆಳುವಾಗಿ ಒಂದು ಕೋಟು ಎಳೆಯಿರಿ. ಉಜ್ಜುವಾಗ ಕೈದೀಪವನ್ನು ಗೋಡೆಗೆ ಸಮಾನಾಂತರ ಹಿಡಿದು ನೋಡಿದರೆ ತಪ್ಪುಗಳೆಲ್ಲ ಕಾಣುತ್ತವೆ. ಆಮೇಲೆ ಪ್ರೈಮರ್.

ಆಮೇಲೆ ಏನಾದರೂ ನೇತುಹಾಕಬೇಕಾದರೆ

ಹಗುರವಾದ ಚಿತ್ರಕ್ಕೆ ಬೋರ್ಡಿಗೆ ಹಾಕುವ ಸಣ್ಣ ಪ್ಲಗ್ ಸಾಕು, ಥರ್ಮಾಕೋಲ್ ಅದಕ್ಕೆ ಅಡ್ಡಿ ಮಾಡದು. ಮಧ್ಯಮ ಭಾರಕ್ಕೆ ಫೋಟೋ ನೋಡಿ ಪಟ್ಟಿ ಹುಡುಕಿ. ಮರ ಹಾಕಿರದ ಜಾಗದಲ್ಲಿ ಭಾರವಾದದ್ದು ಬಂದರೆ ಕಾಂಕ್ರೀಟಿನವರೆಗೆ ಹೋಗಲೇಬೇಕು. ಬೋರ್ಡ್ ಮತ್ತು ಥರ್ಮಾಕೋಲ್ ಸೇರಿ ಸುಮಾರು 78 ಮಿಮೀ, ಅದರಾಚೆ ಕಾಂಕ್ರೀಟಿನೊಳಗೆ ಹಿಡಿತಕ್ಕೆ ಬೇಕಾದ ಉದ್ದ. ಬೋಲ್ಟ್ ಸುತ್ತ 78 ಮಿಮೀ ಉದ್ದದ ಗಟ್ಟಿ ಲೋಹದ ಕೊಳವೆ ತೂರಿಸಿ, ಅದರ ಒಂದು ತುದಿ ಕಾಂಕ್ರೀಟಿಗೆ, ಇನ್ನೊಂದು ತುದಿ ಬ್ರಾಕೆಟಿಗೆ ತಾಗಲಿ. ಕೊಳವೆ ಇಲ್ಲದೆ ಬಿಗಿದರೆ ಬ್ರಾಕೆಟ್ ಬೋರ್ಡನ್ನು ಒತ್ತಿ ಒಡೆಯುತ್ತದೆ, ಬೋಲ್ಟ್ ಎಷ್ಟು ತಿರುಗಿಸಿದರೂ ಬಿಗಿ ಬರುವುದಿಲ್ಲ.